ಎದೆಯ ಎಕ್ಸ್‌ರೇ: ಕೆವಿಪಿ, ಎಂಎಎಸ್, ದೂರ ಮತ್ತು ಡೋಸ್

ನಿಂತ ಭಂಗಿಯ ಪಿಎ ಚೆಸ್ಟ್‌ಗೆ (ಕಿರಣ ಬೆನ್ನಿನಿಂದ ಹೊಕ್ಕು ಎದೆಯ ಕಡೆ ಹೊರಬರುವ ಚಿತ್ರ) ವಾಡಿಕೆಯ ಸೆಟ್ಟಿಂಗ್: ಗ್ರಿಡ್ (ಚದುರಿದ ಕಿರಣವನ್ನು ಹೀರುವ ಸೀಸದ ಪಟ್ಟಿಗಳ ಜಾಲರಿ) ಜೊತೆ 110ರಿಂದ 125 ಕೆವಿಪಿ (ಟ್ಯೂಬ್‌ನ ಗರಿಷ್ಠ ವೋಲ್ಟೇಜ್, ಕಿಲೋವೋಲ್ಟ್‌ಗಳಲ್ಲಿ), ಟ್ಯೂಬ್‌ನಿಂದ ಡಿಟೆಕ್ಟರ್‌ಗೆ (ಚಿತ್ರ ಹಿಡಿಯುವ ಫಲಕ) ದೂರ 180 ಸೆಂ.ಮೀ., ಎಕ್ಸ್‌ಪೋಷರ್ ಸಮಯ 20 ಮಿಲಿಸೆಕೆಂಡಿಗಿಂತ ಕಡಿಮೆ. ಮಧ್ಯಮ ಮೈಕಟ್ಟಿನ ವಯಸ್ಕರಿಗೆ ಎಂಎಎಸ್ (ಮಿಲಿಆಂಪಿಯರ್ ಕರೆಂಟ್ ಮತ್ತು ಸೆಕೆಂಡುಗಳ ಗುಣಲಬ್ಧ) 2ರಿಂದ 4ರ ಆಸುಪಾಸು. ಇಷ್ಟನ್ನು ಬಾಯಿಪಾಠ ಮಾಡಿದರೆ ವೈವಾ ಮುಗಿಯುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಯಾಕೆ ಅಲುಗುತ್ತದೆ ಅನ್ನುವುದು ತಿಳಿಯದಿದ್ದರೆ ಐಸಿಯುನಲ್ಲಿ ಪೋರ್ಟಬಲ್ ಯಂತ್ರದ ಮುಂದೆ ನಿಂತಾಗ ಪರದಾಡಬೇಕಾಗುತ್ತದೆ.

ಮೊದಲು ಕೆವಿಪಿ. ಕಿರಣದ ಶಕ್ತಿ ಕಡಿಮೆಯಿದ್ದಾಗ ಫೋಟೋಎಲೆಕ್ಟ್ರಿಕ್ ಹೀರುವಿಕೆ (ಕಿರಣ ಅಂಗಾಂಶದಲ್ಲೇ ಪೂರ್ತಿ ಇಂಗಿಹೋಗುವುದು) ಜೋರು, ಅದರಲ್ಲೂ ಮೂಳೆಯ ಕ್ಯಾಲ್ಸಿಯಂನಲ್ಲಿ. 70 ಕೆವಿಪಿಯಲ್ಲಿ ಪಕ್ಕೆಲುಬುಗಳು ಬೆಳ್ಳಗೆ ಎದ್ದು ಕಾಣುತ್ತವೆ, ಅವುಗಳ ಮರೆಯಲ್ಲಿರುವ ಸಣ್ಣ ಗಂಟು ಸಿಗುವುದಿಲ್ಲ. 120ಕ್ಕೆ ಏರಿಸಿದರೆ ಮೂಳೆಯ ನೆರಳು ತೆಳುವಾಗಿ ಹೃದಯದ ಹಿಂದಿನ ರಕ್ತನಾಳಗಳೂ ಕಾಣಿಸುತ್ತವೆ. ಅದಕ್ಕೆ ತೆರಬೇಕಾದ ಬೆಲೆ ಸ್ಕ್ಯಾಟರ್, ಅಂದರೆ ದಾರಿ ತಪ್ಪಿ ಚದುರಿದ ಕಿರಣ. ಅದನ್ನು ತಡೆಯಲು ಗ್ರಿಡ್, ಗ್ರಿಡ್ ನುಂಗಿದ್ದನ್ನು ತುಂಬಲು ಮತ್ತಷ್ಟು ಎಂಎಎಸ್. ಸಣ್ಣ ಮಕ್ಕಳ ಎದೆ ತೆಳ್ಳಗಿರುವುದರಿಂದ ಅಲ್ಲಿ ಗ್ರಿಡ್ ಬೇಡ. ಹಾಕಿದರೆ ಡೋಸ್ ಏರುತ್ತದೆಯೇ ಹೊರತು ಲಾಭವೇನೂ ಇಲ್ಲ.

ಇಲ್ಲಿ 15 ಶೇಕಡಾ ನಿಯಮ ಕೆಲಸಕ್ಕೆ ಬರುತ್ತದೆ. ಕೆವಿಪಿಯನ್ನು 15% ಏರಿಸಿ ಎಂಎಎಸ್ ಅರ್ಧ ಮಾಡಿದರೆ ಡಿಟೆಕ್ಟರ್‌ಗೆ ತಲುಪುವ ಪ್ರಮಾಣ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಚರ್ಮದ ಡೋಸ್ ಕೆವಿಪಿಯ ವರ್ಗಕ್ಕೂ ಎಂಎಎಸ್‌ಗೂ ಅನುಪಾತದಲ್ಲಿರುತ್ತದೆ. 100 ಕೆವಿಪಿ, 4 ಎಂಎಎಸ್ ಇದ್ದದ್ದನ್ನು 115, 2 ಮಾಡಿ: 1.15ರ ವರ್ಗ 1.32, ಅದರ ಅರ್ಧ 0.66. ಅಂದರೆ ಮೂರರಲ್ಲಿ ಒಂದು ಪಾಲು ಉಳಿತಾಯ. ಆದರೆ ಕಿರಣ ಆಳಕ್ಕೆ ಇಳಿಯುವುದರಿಂದ ಒಳಗಿನ ಅಂಗಗಳ ಡೋಸ್ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ಈ ಎರಡನೆಯ ಮಾತನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ.

ಎಂಎಎಸ್ ನಿರ್ಧರಿಸುವುದು ಫೋಟಾನ್‌ಗಳ (ಎಕ್ಸ್‌ರೇ ಕಣಗಳ) ಸಂಖ್ಯೆಯನ್ನು. ಫಿಲ್ಮ್ ಕಾಲದಲ್ಲಿ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ತಾನೇ ಬಯಲಾಗುತ್ತಿತ್ತು. ಡಿಜಿಟಲ್‌ನಲ್ಲಿ ಸಾಫ್ಟ್‌ವೇರ್ ಹೊಳಪನ್ನು ಸರಿಮಾಡಿ ತೋರಿಸುತ್ತದೆ. ಎಂಎಎಸ್ ಕಡಿಮೆಯಾದರೆ ಹೃದಯದ ಹಿಂದೆ, ಡಯಾಫ್ರಮ್ (ವಪೆ) ಕೆಳಗೆ ಮರಳುಮರಳಾದ ನಾಯ್ಸ್ ಕಾಣುತ್ತದೆ, ರೇಡಿಯಾಲಜಿಸ್ಟ್ ಗೊಣಗುತ್ತಾರೆ. ದುಪ್ಪಟ್ಟಾದರೆ ಚಿತ್ರ ಇನ್ನೂ ನಯವಾಗುತ್ತದೆ, ಯಾರೂ ತಕರಾರು ಎತ್ತುವುದಿಲ್ಲ. ಡೋಸ್ ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಏರುವುದು ಹೀಗೆಯೇ. ಆದ್ದರಿಂದ ಚಿತ್ರ ಚೆನ್ನಾಗಿದೆ ಎಂದು ಸುಮ್ಮನಾಗದೆ ಡಿವಿಯೇಶನ್ ಇಂಡೆಕ್ಸ್ (ಎಕ್ಸ್‌ಪೋಷರ್ ಗುರಿಯಿಂದ ಎಷ್ಟು ಸರಿದಿದೆ ಎಂದು ಯಂತ್ರ ತೋರಿಸುವ ಅಂಕಿ) ಓದಿ: 0 ಅಂದರೆ ಗುರಿಗೆ ಸರಿ, +1 ಅಂದರೆ ಸುಮಾರು 26% ಹೆಚ್ಚು, +3 ಅಂದರೆ ದುಪ್ಪಟ್ಟು, −3 ಅಂದರೆ ಅರ್ಧ. ಒಂದು ಎಚ್ಚರಿಕೆ: ಇದು ಡಿಟೆಕ್ಟರ್‌ಗೆ ತಲುಪಿದ ಪ್ರಮಾಣದ ಅಳತೆ, ರೋಗಿಯ ಡೋಸ್ ಅಲ್ಲ. ಕಾಲಿಮೇಶನ್ (ಕಿರಣವನ್ನು ಬೇಕಾದ ಜಾಗಕ್ಕಷ್ಟೇ ಸೀಮಿತಗೊಳಿಸುವುದು) ಕೆಟ್ಟಿದ್ದರೆ ಈ ಅಂಕಿಯೂ ದಾರಿ ತಪ್ಪಿಸಬಹುದು.

ಎಇಸಿ (ಸಾಕಷ್ಟು ಕಿರಣ ತಲುಪಿದೊಡನೆ ಎಕ್ಸ್‌ಪೋಷರ್ ತಾನೇ ನಿಲ್ಲಿಸುವ ವ್ಯವಸ್ಥೆ) ಹಾಕಿದರೆ ಚಿಂತೆಯಿಲ್ಲ ಅನ್ನುವುದು ಅರ್ಧ ಸತ್ಯ. ಪಿಎಯಲ್ಲಿ ಪಕ್ಕದ ಚೇಂಬರ್‌ಗಳು (ಕಿರಣ ಅಳೆಯುವ ಸೆನ್ಸರ್‌ಗಳು) ಶ್ವಾಸಕೋಶದ ಹಿಂದೆ ಬರುತ್ತವೆ, ನಡುವಿನದು ಬೆನ್ನುಮೂಳೆಯ ಹಿಂದೆ. ಮರೆತು ನಡುವಿನದನ್ನು ಆರಿಸಿದರೆ ಮೂಳೆ ದಾಟಿ ಸಾಕಷ್ಟು ಕಿರಣ ಬರುವ ತನಕ ಯಂತ್ರ ನಿಲ್ಲುವುದಿಲ್ಲ. ಆರಿಸಿದ ಚೇಂಬರ್ ಎದುರು ದೊಡ್ಡ ಪ್ಲೂರಲ್ ಎಫ್ಯೂಶನ್ (ಶ್ವಾಸಕೋಶದ ಸುತ್ತ ತುಂಬಿದ ನೀರು) ಅಥವಾ ಪೇಸ್‌ಮೇಕರ್ ಇದ್ದರೂ ಇದೇ ಕಥೆ. ಆಗ ಇನ್ನೊಂದು ಬದಿಯ ಚೇಂಬರ್ ಸಾಕು.

ದೂರದ ಲೆಕ್ಕ ಸರಳ: ತೀವ್ರತೆ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. 180ರಿಂದ 100 ಸೆಂ.ಮೀ.ಗೆ ಇಳಿದರೆ ತೀವ್ರತೆ 3.24 ಪಟ್ಟು. ಉಳಿದದ್ದೆಲ್ಲ ಒಂದೇ ಆಗಿದ್ದರೆ 3 ಎಂಎಎಸ್ ಜಾಗದಲ್ಲಿ 0.9 ಸಾಕು. ಎಪಿಯಲ್ಲಿ (ಕಿರಣ ಎದೆಯಿಂದ ಹೊಕ್ಕು ಬೆನ್ನಿನ ಕಡೆ ಹೊರಬರುವ ಚಿತ್ರ) ಹೃದಯ ಡಿಟೆಕ್ಟರ್‌ನಿಂದ 15 ಸೆಂ.ಮೀ. ಮುಂದಿದೆ ಅಂದುಕೊಳ್ಳಿ: 100 ಸೆಂ.ಮೀ.ನಲ್ಲಿ ಅದು ಸುಮಾರು 18% ದೊಡ್ಡದಾಗಿ ಕಾಣುತ್ತದೆ, 180ರಲ್ಲಿ 9%. ಹಾಗಾಗಿ ಪೋರ್ಟಬಲ್ ಚಿತ್ರ ನೋಡಿ ಹೃದಯ ಹಿಗ್ಗಿದೆ ಎಂದು ಬರೆಯಲು ಆತುರ ಬೇಡ. ಹಾಸಿಗೆಯ ಮೇಲೆ ಗ್ರಿಡ್ ಬಳಸಿದರೆ ಅದು ವಾಲದಂತೆ ನೋಡಿಕೊಳ್ಳಿ. ವಾಲಿದರೆ ಪ್ರಾಥಮಿಕ ಕಿರಣವೇ ಕತ್ತರಿಸಿಹೋಗಿ ಚಿತ್ರ ಬೆಳ್ಳಗಾಗುತ್ತದೆ. ಫೋಕಸ್ಡ್ ಗ್ರಿಡ್ (ಪಟ್ಟಿಗಳು ಟ್ಯೂಬ್‌ನತ್ತ ಓರೆಯಾಗಿರುವುದು) ತಲೆಕೆಳಗಾದರೆ ನಡುವೆ ಒಂದು ಪಟ್ಟಿ ಮಾತ್ರ ಉಳಿಯುತ್ತದೆ.

1996ರ ಯುರೋಪಿಯನ್ ಮಾರ್ಗಸೂಚಿಯಲ್ಲಿ ಪಿಎಯ ಪ್ರವೇಶ ಡೋಸ್‌ಗೆ (ಕಿರಣ ಹೊಗುವ ಜಾಗದ ಚರ್ಮದ ಡೋಸ್) ಹೋಲಿಕೆಯ ಆಧಾರಮಟ್ಟ 0.3 ಮಿಲಿಗ್ರೇ, ಲ್ಯಾಟರಲ್‌ಗೆ (ಪಕ್ಕದಿಂದ ತೆಗೆದ ಚಿತ್ರ) 1.5 ಆಗಿತ್ತು. ಆದರೆ ಎಂಎಎಸ್‌ನಲ್ಲಿ ಎಷ್ಟೇ ಜಿಪುಣತನ ಮಾಡಿದರೂ ಒಂದು ರಿಪೀಟ್ (ಮತ್ತೆ ತೆಗೆದ ಎಕ್ಸ್‌ರೇ) ಎಲ್ಲವನ್ನೂ ದುಪ್ಪಟ್ಟು ಮಾಡುತ್ತದೆ. ರಿಪೀಟ್‌ಗೆ ಕಾರಣ ಬಹಳ ಸಲ ಕೆವಿಪಿ ಅಲ್ಲ. ಅರ್ಧ ಉಸಿರು, ತಿರುಗಿದ ಭುಜ, ಕತ್ತರಿಸಿಹೋದ ಕಾಸ್ಟೋಫ್ರೆನಿಕ್ ಕೋನ (ಪಕ್ಕೆಲುಬು ಮತ್ತು ಡಯಾಫ್ರಮ್ ಸೇರುವ ಮೂಲೆ). ಉಸಿರನ್ನು ಎರಡು ಸಲ ಎಳೆಸಿ, ಎರಡನೆಯದಕ್ಕೆ ಎಕ್ಸ್‌ಪೋಷರ್ ಕೊಡಿ. ಡಯಾಫ್ರಮ್ ಮೇಲೆ ಮುಂಭಾಗದ 6 ಅಥವಾ ಹಿಂಭಾಗದ 9-10 ಪಕ್ಕೆಲುಬು ಎಣಿಸಲು ಸಿಗಬೇಕು. ಕೊರಳೆಲುಬುಗಳ ಒಳತುದಿ ಎರಡೂ ಸ್ಪೈನಸ್ ಪ್ರಾಸೆಸ್‌ನಿಂದ (ಬೆನ್ನುಮೂಳೆಯ ಹಿಂದಿನ ಚಾಚು) ಸಮದೂರದಲ್ಲಿರಬೇಕು.

ಕ್ಷಯ ತಪಾಸಣೆಯ ಶಿಬಿರಗಳಿಗೆ ಒಯ್ಯುವ ಕೈಯಂತ್ರಗಳಲ್ಲಿ ತೊಂದರೆ ಬೇರೆ: ಟ್ಯೂಬ್ ಕರೆಂಟ್ ಕೆಲವೇ ಮಿಲಿಆಂಪಿಯರ್. 5 ಮಿಲಿಆಂಪಿಯರ್‌ನಲ್ಲಿ 1 ಎಂಎಎಸ್ ಬೇಕೆಂದರೆ 200 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಹೃದಯದ ಎಡ ಅಂಚು ಮಸುಕಾಗುತ್ತದೆ. ಅಲ್ಲಿ ನಾಯ್ಸ್ ಕಂಡಿತೆಂದು ಎಂಎಎಸ್ ಏರಿಸಿದರೆ ಮಸುಕು ಇನ್ನೂ ಹೆಚ್ಚುತ್ತದೆ. ಯಂತ್ರದ ಮಿತಿಯೊಳಗೆ ಕೆವಿಪಿ ಏರಿಸಿ, ಯಂತ್ರವನ್ನು ಸ್ಟ್ಯಾಂಡ್‌ಗೆ ಬಿಗಿದು, ರೋಗಿಯ ಎದೆಯನ್ನು ಡಿಟೆಕ್ಟರ್‌ಗೆ ಚೆನ್ನಾಗಿ ಒತ್ತಿ ನಿಲ್ಲಿಸಿ.