ಬಾಡಿಗೆ ಮನೆಯ ಅಂಗಳ ಮತ್ತು ಖಾಲಿ ಮಣ್ಣಿನ ಲೆಕ್ಕ

ಬಾಡಿಗೆ ಮನೆಯ ಮುಂದಿನ ಕೈತೋಟ ಇಬ್ಬರದೂ ಹೌದು, ಯಾರದೂ ಅಲ್ಲ. ಮಾಲೀಕರು ಬೇರೆಲ್ಲೋ ಇರುತ್ತಾರೆ. ಬಾಡಿಗೆಗೆ ಬಂದವರಿಗೆ, ನೆಟ್ಟ ಗಿಡ ಹೂ ಬಿಡುವ ಹೊತ್ತಿಗೆ ತಾವು ಅಲ್ಲೇ ಇರುತ್ತೇವೆಂಬ ಖಾತ್ರಿಯಿಲ್ಲ. ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಬರುವವರೆಗೆ ಬಾಗಿಲಿಗೆ ಬೀಗ ಬಿದ್ದರೆ ನೀರು ಹಾಕುವ ಕೈಯೂ ಇಲ್ಲ. ಇಂಥ ಅಂಗಳಕ್ಕೆ ಆರೈಕೆ ಬೇಡದ ತೋಟ ಬೇಕೆಂದಾಗ ಹೆಚ್ಚಿನವರು ಹುಲ್ಲುಹಾಸು ಹಾಸುತ್ತಾರೆ, ಜಲ್ಲಿ ಸುರಿಯುತ್ತಾರೆ, ಇಲ್ಲವೇ ನಾಲ್ಕು ಕುಂಡ ಸಾಲಾಗಿ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಸಸ್ಯವಿಜ್ಞಾನದ ಲೆಕ್ಕದಲ್ಲಿ ಇವೆಲ್ಲವೂ ಕೆಲಸವನ್ನು ಹೆಚ್ಚಿಸುವ ದಾರಿಗಳೇ.

ತೋಟದ ದುಡಿಮೆಯಲ್ಲಿ ದೊಡ್ಡ ಪಾಲು ಕಳೆ ಕೀಳುವುದಕ್ಕೆ ಹೋಗುತ್ತದೆ. ಕೀಳುತ್ತಲೇ ಹೋದರೆ ಒಂದು ದಿನ ಕಳೆ ಮುಗಿದೀತು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಈ ಆಸೆಗೆ ಎಷ್ಟು ಆಧಾರವಿದೆ ಎಂದು ತಿಳಿಯಲು ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಒಂದು ಪ್ರಯೋಗ ಹೂಡಿದರು. 20 ಸೀಸೆಗಳಲ್ಲಿ ತೇವದ ಮರಳಿನೊಂದಿಗೆ ಹಲವು ಜಾತಿಯ ಬೀಜಗಳನ್ನು ತುಂಬಿ, ನೀರು ನಿಲ್ಲದಂತೆ ಬಾಯಿಯನ್ನು ಕೆಳಗೆ ಓರೆ ಮಾಡಿ ಹೂತರು. ಆಮೇಲೆ ವರ್ಷಗಳ ಅಂತರದಲ್ಲಿ ಒಂದೊಂದೇ ಸೀಸೆಯನ್ನು ತೆಗೆದು ಬಿತ್ತಿ ನೋಡುವುದು ಯೋಜನೆ. ಬೀಲ್ ತೀರಿಕೊಂಡು ಎಷ್ಟೋ ಕಾಲವಾದರೂ ಪ್ರಯೋಗ ನಿಂತಿಲ್ಲ. 2021ರಲ್ಲಿ, ಅಂದರೆ 142 ವರ್ಷಗಳ ಬಳಿಕ, ಅಗೆದು ತೆಗೆದ ಸೀಸೆಯ ಬೀಜಗಳಲ್ಲೂ ಕೆಲವು ಮೊಳೆತವು. ಮುಂದಿನ ಸರದಿ 2040ಕ್ಕೆ. ಮಣ್ಣಿನಲ್ಲಿರುವ ಬೀಜದ ದಾಸ್ತಾನನ್ನು ಕಿತ್ತು ಮುಗಿಸುತ್ತೇನೆಂದು ಹೊರಟ ಬಾಡಿಗೆದಾರನಿಗೆ ಮನೆಯ ಕರಾರು ಸಾಲದು.

ಆ ಸೀಸೆಯನ್ನು ಅಗೆದದ್ದು ರಾತ್ರಿಯ ಕತ್ತಲಲ್ಲಿ. ಹಗಲಿನ ಬೆಳಕು ಕ್ಷಣಕಾಲ ಸೋಕಿದರೂ ಕೆಲವು ಬೀಜಗಳು ಎಚ್ಚರಗೊಂಡು ಲೆಕ್ಕ ತಪ್ಪಬಹುದೆಂಬ ಮುನ್ನೆಚ್ಚರಿಕೆ ಅದು. ಕೈತೋಟದ ಇಡೀ ಗುಟ್ಟು ಇಲ್ಲಿದೆ. ಅನೇಕ ಕಳೆಗಳ ಬೀಜಗಳು ತೀರಾ ಸಣ್ಣವು; ಅವುಗಳೊಳಗಿನ ಆಹಾರ ಕೆಲವೇ ಮಿಲಿಮೀಟರ್ ಮಣ್ಣನ್ನು ಸೀಳಿ ಬರಲು ಸಾಕಾಗುವಷ್ಟು ಮಾತ್ರ. ಆಳದಲ್ಲಿ ಮೊಳೆತರೆ ಸಾವು ಖಚಿತ. ಹಾಗಾಗಿ ಅವು ಬೆಳಕಿನ ಸುಳಿವು ಸಿಗುವವರೆಗೆ ಕಾಯುತ್ತವೆ. ಸಲಿಕೆಯಿಂದ ಮಣ್ಣು ಮಗುಚಿದಾಗ ಕ್ಷಣಮಾತ್ರ ಬಿದ್ದ ಬೆಳಕೂ ಕೆಲವಕ್ಕೆ ಸಾಕು. ಕಳೆ ತೆಗೆಯಲೆಂದು ಅಂಗಳವನ್ನೆಲ್ಲ ಅಗೆದವರು ಮುಂದಿನ ಬೆಳೆಗೆ ತಾವೇ ಚಾಲನೆ ಕೊಟ್ಟಿರುತ್ತಾರೆ.

ಯಾವ ಬೆಳಕು ಎಂಬುದೂ ಮುಖ್ಯ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧಕರು ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕನ್ನೂ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ದೂರಕೆಂಪು ಬೆಳಕನ್ನೂ ಒಂದಾದ ಮೇಲೊಂದರಂತೆ ಹಾಯಿಸಿದರು. ಕೆಂಪು ಬಿದ್ದರೆ ಬೀಜ ಮೊಳೆಯಿತು, ದೂರಕೆಂಪು ಬಿದ್ದರೆ ಸುಮ್ಮನಾಯಿತು. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಬಿದ್ದದ್ದರ ಮಾತೇ ನಡೆಯಿತು. ಈ ಸ್ವಿಚ್ಚಿನಂತೆ ಕೆಲಸ ಮಾಡುವ ವರ್ಣದ್ರವ್ಯಕ್ಕೆ ಫೈಟೋಕ್ರೋಮ್ ಎಂದು ಹೆಸರು. ಹಸಿರು ಎಲೆಯು ಬಿಸಿಲಿನ ಕೆಂಪು ಭಾಗವನ್ನು ಹೀರಿಕೊಂಡು ದೂರಕೆಂಪನ್ನು ಕೆಳಕ್ಕೆ ಬಿಡುತ್ತದೆ. ಎಲೆಗಳಡಿಯ ನೆಲದಲ್ಲಿ ಬಿದ್ದಿರುವ ಬೀಜಕ್ಕೆ ತಲುಪುವ ಸುದ್ದಿ ಒಂದೇ: ಮೇಲೆ ಜಾಗ ಭರ್ತಿಯಾಗಿದೆ, ಈಗ ಏಳಬೇಡ.

ಅಂದರೆ ಆರೈಕೆಯ ಹೊರೆ ಗಿಡಗಳಿಂದ ಬರುವುದಕ್ಕಿಂತ ಗಿಡಗಳ ನಡುವಿನ ಖಾಲಿ ಮಣ್ಣಿನಿಂದ ಬರುತ್ತದೆ. ಒಂದೊಂದು ಗಿಡದ ಸುತ್ತ ಬರಿ ಮಣ್ಣನ್ನು ಚೊಕ್ಕವಾಗಿ ಕೆದಕಿಟ್ಟ ಅಂಗಳ ನೋಡಲು ಶಿಸ್ತಾಗಿದ್ದರೂ, ಆ ಶಿಸ್ತನ್ನು ವಾರವಾರವೂ ದುಡಿದು ಉಳಿಸಿಕೊಳ್ಳಬೇಕು. ನೆಲಕ್ಕೆ ಒರಗಿ ಹಬ್ಬುವ, ಒಂದಕ್ಕೊಂದು ತಾಗುವಷ್ಟು ಹತ್ತಿರ ನೆಟ್ಟ ಗಿಡಗಳು ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತವೆ. ಬಿಸಿಲಿರುವಲ್ಲಿ ಪೋರ್ಚುಲಾಕಾ ಅಥವಾ ಸೀಡಮ್, ನೆರಳಿನಲ್ಲಿ ಲಿರಿಯೋಪ್, ಒಫಿಯೋಪೋಗಾನ್‌ಗಳಂಥ ಹುಲ್ಲಿನ ರೂಪದ ಗಿಡಗಳು ಇದಕ್ಕೆ ಹೊಂದುತ್ತವೆ. ಅವು ಹಬ್ಬಿಕೊಳ್ಳುವ ತನಕ ನಡುವಿನ ಜಾಗಕ್ಕೆ ಒಣ ಎಲೆ, ಮರದ ತೊಗಟೆ ಚೂರುಗಳನ್ನು 5ರಿಂದ 10 ಸೆಂಟಿಮೀಟರ್ ದಪ್ಪ ಹರಡಿದರೆ ಬೆಳಕೂ ತಡೆಯುತ್ತದೆ, ತೇವವೂ ಉಳಿಯುತ್ತದೆ. ಗಿಡದ ಕಾಂಡಕ್ಕೆ ಮಾತ್ರ ಅದು ಒತ್ತಿಕೊಂಡಿರಬಾರದು, ಕಾಂಡ ಕೊಳೆಯುತ್ತದೆ.

ಜಲ್ಲಿಯ ಕೆಳಗೆ ಕಳೆ ತಡೆಯುವ ಪ್ಲಾಸ್ಟಿಕ್ ಬಟ್ಟೆ ಹಾಸುವುದು ಮೊದಲ ವರ್ಷ ಅದ್ಭುತವಾಗಿ ಕೆಲಸ ಮಾಡುತ್ತದೆ. ಆಮೇಲೆ ಗಾಳಿ ತಂದ ಧೂಳು, ಉದುರಿದ ಎಲೆ ಕಲ್ಲುಗಳ ನಡುವೆ ಸೇರಿ ಬಟ್ಟೆಯ ಮೇಲೆಯೇ ಹೊಸ ಮಣ್ಣು ತಯಾರಾಗುತ್ತದೆ. ಗಾಳಿಯಲ್ಲೇ ಬಂದ ಬೀಜ ಅಲ್ಲಿ ಮೊಳೆತು, ಬಟ್ಟೆಯ ಎಳೆಗಳೊಳಗೆ ಬೇರು ಹೆಣೆದುಕೊಳ್ಳುತ್ತದೆ. ಆಗ ಕಳೆ ಕಿತ್ತರೆ ಬಟ್ಟೆಯೂ ಜೊತೆಗೆ ಬರುತ್ತದೆ. ಮನೆ ಖಾಲಿ ಮಾಡುವಾಗ ಇದನ್ನು ಯಾರು ತೆಗೆಸಬೇಕೆಂಬ ಜಗಳ ಬೇರೆ.

ಹುಲ್ಲುಹಾಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹುಲ್ಲು ಬೆಳೆಯುವ ತುದಿ ನೆಲದ ಮಟ್ಟದಲ್ಲಿ ಅಡಗಿರುತ್ತದೆ. ಮೇಯುವ ಪ್ರಾಣಿಗಳ ಜೊತೆ ವಿಕಾಸಗೊಂಡ ಈ ಸಸ್ಯಕ್ಕೆ ಕತ್ತರಿ ಬಿದ್ದಷ್ಟೂ ಮತ್ತೆ ಬೆಳೆಯುವುದೇ ಸ್ವಭಾವ. ಯಂತ್ರವೂ ಇಲ್ಲದ, ಬಿಡುವೂ ಇಲ್ಲದ ಬಾಡಿಗೆದಾರನಿಗೆ ಅದನ್ನು ಒಪ್ಪಿಸುವುದು ಅನ್ಯಾಯ.

ಕುಂಡಗಳ ವಾದ ಇದಕ್ಕಿಂತ ಗಟ್ಟಿಯಾದದ್ದು: ಹೋಗುವಾಗ ಜೊತೆಗೆ ಒಯ್ಯಬಹುದು. ನಿಜವೇ. ಆದರೆ ನೆಲದಲ್ಲಿರುವ ಗಿಡ ನೀರು ಕಡಿಮೆಯಾದಾಗ ಬೇರನ್ನು ಇನ್ನಷ್ಟು ಆಳಕ್ಕೆ, ಅಗಲಕ್ಕೆ ಚಾಚುತ್ತದೆ. ಕುಂಡದ ಗಿಡಕ್ಕೆ ಸಿಗುವುದು ಗೋಡೆ. ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ ಕುಂಡದ ಪಕ್ಕೆ ಕಾದು ಅಂಚಿನ ಬೇರುಗಳೇ ಸಾಯಬಹುದು. ನೀರು ಬಸಿಯಲೆಂದು ಕುಂಡದ ತಳಕ್ಕೆ ಕಲ್ಲು ಹಾಕುವ ಹಳೆಯ ರೂಢಿಯೂ ಭೌತವಿಜ್ಞಾನಕ್ಕೆ ವಿರುದ್ಧ. ನುಣುಪಾದ ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಆ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಕೆಳಗಿನ ದೊಡ್ಡ ರಂಧ್ರಗಳಿಗೆ ಇಳಿಯುವುದಿಲ್ಲ. ಕಲ್ಲು ಹಾಕಿದರೆ ಜವುಗು ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಅಷ್ಟೆ. ಕುಂಡ ಬೇಕೇಬೇಕೆಂದರೆ ಹತ್ತು ಚಿಕ್ಕವುಗಳ ಬದಲು ಎರಡು ದೊಡ್ಡವು ಲೇಸು.

ಇನ್ನು ಗಿಡಗಳ ಆಯ್ಕೆ. ಬ್ರಿಟನ್ನಿನ ಪರಿಸರವಿಜ್ಞಾನಿ ಫಿಲಿಪ್ ಗ್ರೈಮ್ 1970ರ ದಶಕದಲ್ಲಿ ಸಸ್ಯಗಳ ಬದುಕಿನ ತಂತ್ರಗಳನ್ನು ಮೂರಾಗಿ ವಿಂಗಡಿಸಿದರು. ಫಲವತ್ತಾದ ನೆಲದಲ್ಲಿ ಪೈಪೋಟಿಗೆ ಬಿದ್ದು ಬೆಳೆಯುವವು, ಕೊರತೆಯನ್ನು ತಾಳಿಕೊಂಡು ನಿಧಾನವಾಗಿ ಬೆಳೆಯುವವು, ಮಣ್ಣು ಕದಡಿದಲ್ಲಿ ಬೇಗ ಹುಟ್ಟಿ ಬೇಗ ಬೀಜ ಉದುರಿಸಿ ಸಾಯುವವು. ಕೊನೆಯ ಗುಂಪಿನಲ್ಲಿ ಕಳೆಗಳ ಜೊತೆಗೆ, ಋತುವಿಗೊಮ್ಮೆ ನೆಡುವ ಬಹುಪಾಲು ಅಲಂಕಾರದ ಹೂಗಿಡಗಳೂ ಬರುತ್ತವೆ. ಮಾರಾಟಕ್ಕಿಟ್ಟಾಗ ಕಣ್ಣು ಕುಕ್ಕುವ ಇವನ್ನು ಬಾಡಿಗೆ ಮನೆಗೆ ಒಯ್ಯಬಾರದು. ನಮಗೆ ಬೇಕಾದದ್ದು ಎರಡನೆಯ ಗುಂಪು. ಅವು ತಡವಾಗಿ ಬೆಳೆಯುತ್ತವೆ, ಆದ್ದರಿಂದಲೇ ಕತ್ತರಿಯನ್ನು ಕೇಳುವುದಿಲ್ಲ.

ತಾಳಿಕೆಯ ತಂತ್ರಗಳಲ್ಲಿ ಅತ್ಯಂತ ಸೊಗಸಾದದ್ದನ್ನು ನಾಲಿಗೆಯಿಂದಲೇ ಗುರುತಿಸಿದವರಿದ್ದಾರೆ. ಭಾರತದಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞರು ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿ, ಮಧ್ಯಾಹ್ನಕ್ಕೆ ರುಚಿಯಿಲ್ಲದೆ ಇರುವುದನ್ನು ಗಮನಿಸಿ ಬರೆದ ಟಿಪ್ಪಣಿ 1815ರಲ್ಲಿ ಪ್ರಕಟವಾಯಿತು. ಅದರ ಕಾರಣ ತಿಳಿದದ್ದು ಬಹಳ ಕಾಲದ ಮೇಲೆ. ಸಾಮಾನ್ಯ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುವಾಗ ನೀರನ್ನು ಧಾರಾಳವಾಗಿ ಕಳೆದುಕೊಳ್ಳುತ್ತವೆ. ಕಾಡುಬಸಳೆಯಂಥವು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲಲ್ಲಿ ಬಾಗಿಲು ಮುಚ್ಚಿಕೊಂಡು ಅದನ್ನೇ ಬಳಸುತ್ತವೆ. ಬೆಳಗಿನ ಹುಳಿ ಈ ಆಮ್ಲದ್ದು. ಸಾಮಾನ್ಯ ಗಿಡವೊಂದು ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು ಸುಮಾರು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಈ ಬಗೆಯವಕ್ಕೆ 50ರಿಂದ 100 ಗ್ರಾಂ ಸಾಕು. ಲೋಳೆಸರ, ಭೂತಾಳೆ, ಸ್ನೇಕ್ ಪ್ಲಾಂಟ್ ಎಲ್ಲವೂ ಇದೇ ಮನೆತನದ ಲೆಕ್ಕಾಚಾರ ಉಳ್ಳವು. ಮನೆಗೆ ಬೀಗ ಬಿದ್ದ ತಿಂಗಳನ್ನು ಅವು ಗಮನಿಸುವುದೇ ಇಲ್ಲ. ಪೋರ್ಚುಲಾಕಾ ಮಾಮೂಲಾಗಿ ಬೇರೊಂದು ದಕ್ಷ ವಿಧಾನದಲ್ಲಿ ಬದುಕುತ್ತಾ, ಬರ ಬಂದಾಗ ಇದಕ್ಕೂ ಹೊರಳುವ ಅಪರೂಪದ ಗಿಡ.

ಗೊಬ್ಬರ ಹಾಕದಿರುವುದೂ ಒಂದು ಆರೈಕೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ, ಏನೂ ಹಾಕದೆ ಬಿಟ್ಟ ತುಂಡುಗಳಲ್ಲಿ ಹತ್ತಾರು ಜಾತಿಗಳು ಒಟ್ಟಿಗೆ ಬಾಳುತ್ತಿವೆ. ಸಾರಜನಕ ಸುರಿದ ಕೆಲವು ತುಂಡುಗಳಲ್ಲಿ ಎರಡು ಮೂರು ಹುಲ್ಲುಗಳು ಉಳಿದೆಲ್ಲವನ್ನೂ ನುಂಗಿವೆ. ಅಂಗಳದಲ್ಲೂ ಗೊಬ್ಬರದ ಲಾಭ ಮೊದಲು ಸಿಗುವುದು ಪೈಪೋಟಿಯ ಗಿಡಗಳಿಗೆ, ಆಮೇಲೆ ಅವನ್ನು ಕತ್ತರಿಸುವವರಿಗೆ ದುಡಿಮೆ.

ಗಟ್ಟಿ ಗಿಡವೆಂದು ಸಿಕ್ಕಿದ್ದನ್ನೆಲ್ಲ ನೆಡುವುದೂ ತರವಲ್ಲ. ಲಂಟಾನ ಮತ್ತು ಹಳದಿ ಹೂವಿನ ವೆಡೇಲಿಯಾ ಎರಡೂ ಆರೈಕೆ ಬೇಡದವೇ. ಎರಡೂ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಕಣಗಿಲೆ ಬರಕ್ಕೆ ಜಗ್ಗುವುದಿಲ್ಲ, ಆದರೆ ಅದರ ಪ್ರತಿಯೊಂದು ಭಾಗವೂ ಹೃದಯಕ್ಕೆ ವಿಷ. ಮುಂದೆ ಬರುವವರ ಮನೆಯಲ್ಲಿ ಮಗುವಿರುತ್ತದೋ ನಾಯಿಯಿರುತ್ತದೋ ನಮಗೆ ತಿಳಿಯದು.

ಎಷ್ಟೇ ಗಟ್ಟಿಯಾದ ಗಿಡಕ್ಕೂ ಮೊದಲ ವರ್ಷ ನೀರು ಬೇಕು, ಈ ಮಾತನ್ನು ಮಾಲೀಕರು ಮುಂಚಿತವಾಗಿಯೇ ಒಪ್ಪಿಕೊಂಡಿರಬೇಕು. ದಿನವೂ ಚಿಮುಕಿಸಿದರೆ ಬೇರು ಮೇಲ್ಪದರದಲ್ಲೇ ಉಳಿದು ಮೊದಲ ಬಿಸಿಲಿಗೆ ಒಣಗುತ್ತದೆ. ಅಪರೂಪಕ್ಕೆ, ಆದರೆ ಮಣ್ಣಿನ ಆಳಕ್ಕೆ ಇಳಿಯುವಷ್ಟು ಹಾಕಬೇಕು. ಸಾಧ್ಯವಿದ್ದರೆ ಮಳೆಯ ಆರಂಭದಲ್ಲಿ, ಚಿಕ್ಕ ಸಸಿಗಳನ್ನೇ ನೆಡಬೇಕು. ಎಲೆಯ ಹೊರೆ ಕಡಿಮೆಯಿರುವ ಸಸಿಯ ಬೇರು ಹೊಸ ಮಣ್ಣಿಗೆ ಬೇಗ ಹೊಂದಿಕೊಳ್ಳುತ್ತದೆ. ಎಲೆಗಳು ಒಂದಕ್ಕೊಂದು ಕೂಡಿದ ಮೇಲೂ ಅಲ್ಲೊಂದು ಇಲ್ಲೊಂದು ಕಳೆ ತಲೆ ಎತ್ತೀತು. ಒಂದೇ ಋತು ಬದುಕುವ ಕಳೆಯಾದರೆ ಅದನ್ನು ಬೇರುಸಹಿತ ಕೀಳಬೇಕಿಲ್ಲ. ಬೀಜ ಕಟ್ಟುವ ಮೊದಲು ಬುಡಕ್ಕೆ ಕತ್ತರಿ ಹಾಕಿದರೆ ಮಣ್ಣು ಅಲುಗದೆ ಕೆಲಸ ಮುಗಿಯುತ್ತದೆ.