ಸ್ಪಿಟ್‌ಫೈರ್ ಕಿಟ್: ಅಂಟು ಹಚ್ಚುವ ಮೊದಲು ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಎರಡನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮಾರ್ಕ್ 5ಬಿ ಮಾದರಿಯ, 1/72 ಅಳತೆಯ ಪ್ಲಾಸ್ಟಿಕ್ ಕಿಟ್ ಕೊಂಡಿದ್ದೇನೆ. ಬ್ರಿಟಿಷ್ ವಾಯುಪಡೆಯ ತುಕಡಿಯಾದ ಮೈಸೂರು ಸ್ಕ್ವಾಡ್ರನ್ನಿನ ವಿಮಾನವಾಗಿ ಅದನ್ನು ಜೋಡಿಸುವ ಆಸೆಯಿದೆ. ಕಿಟ್ ಒಳ್ಳೆಯದೋ ಅಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ? (ಮಂಡ್ಯದ ಓದುಗರೊಬ್ಬರು)

ಉತ್ತರ: ದೋಷವೇ ಇಲ್ಲದ ಕಿಟ್ ಅಪರೂಪ. ಇರುವ ದೋಷವನ್ನು ಮನೆಯಲ್ಲಿ ಕುಳಿತು ತಿದ್ದಲು ಸಾಧ್ಯವೇ ಎಂಬುದನ್ನು ನೋಡಬೇಕು. ಅಚ್ಚಿನಿಂದ ಸೋರಿ ಅಂಚಿನಲ್ಲಿ ನಿಂತ ತೆಳು ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಹೆರೆಯಬಹುದು. ದಪ್ಪ ಭಾಗ ತಣಿಯುವಾಗ ಕುಗ್ಗಿ ಉಂಟಾದ ಕುಳಿಗೆ ಪುಟ್ಟಿ ತುಂಬಿ ಸ್ಯಾಂಡ್‌ಪೇಪರಿನಿಂದ ಉಜ್ಜಬಹುದು. ಆದರೆ ರೆಕ್ಕೆಯ ಆಕಾರವೇ ತಪ್ಪಿದ್ದರೆ ಎಷ್ಟು ಚೆಂದದ ಬಣ್ಣ ಬಳಿದರೂ ಅದು ಸ್ಪಿಟ್‌ಫೈರ್ ಆಗುವುದಿಲ್ಲ. ಆದ್ದರಿಂದ ಪೆಟ್ಟಿಗೆ ತೆರೆದೊಡನೆ ನಾನು ಕೈಗೆತ್ತಿಕೊಳ್ಳುವುದು ಸ್ಕೇಲನ್ನು.

ನಿಜವಾದ ವಿಮಾನದ ರೆಕ್ಕೆಗಳ ಹರವು 11.23 ಮೀಟರ್. ಅದನ್ನು 72ರಿಂದ ಭಾಗಿಸಿದರೆ ತುದಿಯಿಂದ ತುದಿಗೆ 156 ಮಿಲಿಮೀಟರ್ ಬರಬೇಕು. ಒಂದು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ನಾಲ್ಕೈದಾದರೆ ಬೀಳುತ್ತದೆ. ಅಳತೆಗಿಂತಲೂ ಮುಖ್ಯವಾದುದು ಬಾಗು: ಈ ರೆಕ್ಕೆಯ ಮುಂದಿನ ಅಂಚು ಹೆಚ್ಚುಕಡಿಮೆ ನೇರವಾಗಿ ಸಾಗಿ ತುದಿಯ ಬಳಿ ಬಾಗುತ್ತದೆ, ಹಿಂದಿನ ಅಂಚು ಬುಡದಿಂದಲೇ ದುಂಡಾಗುತ್ತಾ ಹೋಗುತ್ತದೆ. ಎರಡೂ ಅಂಚು ಒಂದೇ ತೆರನಾಗಿ ಬಾಗಿದ್ದರೆ ಅಚ್ಚು ಮಾಡಿದವರು ವಿಮಾನವನ್ನು ಸರಿಯಾಗಿ ನೋಡಿಲ್ಲ ಎಂದೇ ನನ್ನ ತೀರ್ಮಾನ.

ಬಳಿಕ, ಪೆಟ್ಟಿಗೆಯ ಮೇಲಿನ ಹೆಸರಿಗೂ ಒಳಗಿನ ಭಾಗಗಳಿಗೂ ತಾಳೆ ನೋಡಿ. ಹಳೆಯ ಅಚ್ಚು ಹೊಸ ಪೆಟ್ಟಿಗೆಯಲ್ಲಿ ಮತ್ತೆ ಬರುವುದು ಈ ಹವ್ಯಾಸದಲ್ಲಿ ಮಾಮೂಲು. ಎಷ್ಟೋ ಕಿಟ್‌ಗಳಲ್ಲಿ ರೆಕ್ಕೆಯ ಒಳಮೈಯಲ್ಲೋ ಭಾಗಗಳು ಅಂಟಿಕೊಂಡಿರುವ ಚೌಕಟ್ಟಿನ ಮೇಲೋ ಅಚ್ಚಿನ ಇಸವಿ ಮೂಡಿರುತ್ತದೆ. ಮಾರ್ಕ್ 5ಬಿಗೆ ಮೂರು ಅಲಗಿನ ಪ್ರೊಪೆಲ್ಲರ್, ಪ್ರತಿ ರೆಕ್ಕೆಯಿಂದ ಮುಂಚಾಚಿದ ಒಂದು 20 ಮಿಲಿಮೀಟರ್ ಫಿರಂಗಿ, ಎಡರೆಕ್ಕೆಯ ಕೆಳಗೆ ದುಂಡನೆಯ ಆಯಿಲ್ ಕೂಲರ್ ಇರಬೇಕು. ನಾಲ್ಕು ಅಲಗುಗಳಿದ್ದು, ಎರಡೂ ರೆಕ್ಕೆಗಳ ಕೆಳಗೆ ಒಂದೇ ಗಾತ್ರದ ರೇಡಿಯೇಟರ್‌ಗಳಿದ್ದರೆ ನಿಮ್ಮ ಕೈಯಲ್ಲಿರುವುದು ಮಾರ್ಕ್ 9ರಂಥ ನಂತರದ ಮಾದರಿ.

ಮೈಮೇಲೆ ತಗಡುಗಳು ಸೇರುವೆಡೆಯನ್ನು ತೋರಿಸುವ ಗೆರೆಗಳ ಬಗ್ಗೆ ಒಂದು ಲೆಕ್ಕ ಮಾಡಿ ನೋಡಿ. ಕಾಲು ಮಿಲಿಮೀಟರ್ ಅಗಲದ ಗೆರೆಯನ್ನು 72ರಿಂದ ಗುಣಿಸಿದರೆ 18 ಮಿಲಿಮೀಟರ್ ಆಗುತ್ತದೆ. ನಿಜವಾದ ವಿಮಾನದಲ್ಲಿ ಅದು ಬೆರಳು ತೂರುವಷ್ಟು ದೊಡ್ಡ ಬಿರುಕು. ಆಳವಾಗಿ ಕೊರೆದ ಗೆರೆಗಳನ್ನು ಕಂಡು ‘ಎಷ್ಟು ಸ್ಪಷ್ಟವಾಗಿವೆ’ ಎಂದು ಮೆಚ್ಚುವವರು ಬಹಳ, ನನಗೆ ಮಾತ್ರ ನವಿರಾದ ಗೆರೆಯೇ ಸರಿ.

ಹೊಂದಾಣಿಕೆಯನ್ನು ಟೇಪಿನಿಂದ ಪರೀಕ್ಷಿಸಬೇಕು. ವಿಮಾನದ ಒಡಲಿನ ಎರಡು ಹೋಳುಗಳನ್ನು ಅಂಟಿಲ್ಲದೆ ಟೇಪಿನಿಂದ ಬಿಗಿದು, ರೆಕ್ಕೆಯನ್ನು ಕೂರಿಸಿ, ಅವು ಸೇರುವ ಬುಡವನ್ನು ಬೆಳಕಿಗೆ ಹಿಡಿಯಿರಿ. ಮೈಸೂರಿನ ನಮ್ಮ ಮನೆಯಲ್ಲಿ ಇದಕ್ಕೆ ಪೂರ್ವದ ಕಿಟಕಿಯ ಬೆಳಗಿನ ಬಿಸಿಲೇ ಸಾಕಾಗುತ್ತದೆ. ಒಮ್ಮೆ ಈ ಪರೀಕ್ಷೆಯಿಲ್ಲದೆ ಅಂಟಿಸಿಬಿಟ್ಟಿದ್ದೆ. ರೆಕ್ಕೆಯ ಬುಡದಲ್ಲಿ ಉಗುರಿನಷ್ಟು ದಪ್ಪದ ಸಂದು ಉಳಿಯಿತು, ಅದಕ್ಕೆ ಪುಟ್ಟಿ ತುಂಬಿ ಉಜ್ಜುವಷ್ಟರಲ್ಲಿ ಸುತ್ತಲಿನ ಗೆರೆಗಳೆಲ್ಲ ಅಳಿಸಿಹೋದವು. ಇನ್ನು ಪೈಲಟ್ಟಿನ ಮೇಲಿನ ಪಾರದರ್ಶಕ ಮುಚ್ಚಳವನ್ನು ದಿನಪತ್ರಿಕೆಯ ಮೇಲಿಟ್ಟು ನೋಡಿ. ಅಕ್ಷರಗಳು ಸೊಟ್ಟಗಾಗದೆ ಕಾಣಬೇಕು.

ಡೆಕಲ್‌ಗಳಲ್ಲಿ, ಅಂದರೆ ನೀರಿನಲ್ಲಿ ನೆನೆಸಿ ಮೈಮೇಲೆ ಅಂಟಿಸುವ ಗುರುತುಗಳಲ್ಲಿ, ವಾಯುಪಡೆಯ ವೃತ್ತಾಕಾರದ ಚಿಹ್ನೆಯೊಳಗಿನ ಕೆಂಪು ಚುಕ್ಕೆ ನಡುವಿನಲ್ಲೇ ಇದೆಯೇ ಎಂದು ಗಮನಿಸಿ. ಹಾಳೆ ಹಳೆಯದಾಗಿದ್ದರೆ, ಬೇಡವಾದ ಒಂದು ಅಂಕಿಯನ್ನು ಕತ್ತರಿಸಿ ನೀರಿಗೆ ಹಾಕಿ. ಅದು ಚೂರಾದರೆ ಇಡೀ ಹಾಳೆಗೆ ಮೊದಲು ತೆಳುವಾಗಿ ವಾರ್ನಿಷ್ ಹೊಡೆಯಬೇಕು. ನಿಮ್ಮ ಆಸೆಗೆ ಮಾರ್ಕ್ 5ಬಿ ಒಪ್ಪುವಂಥದ್ದೇ. ಮೈಸೂರು ಸಂಸ್ಥಾನದ ಹೆಸರು ಹೊತ್ತು, ಗಂಡಭೇರುಂಡವನ್ನು ಲಾಂಛನವಾಗಿ ಪಡೆದ ಬ್ರಿಟಿಷ್ ವಾಯುಪಡೆಯ 129ನೆಯ ಸ್ಕ್ವಾಡ್ರನ್ 1941ರ ಜೂನ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಮರುಜನ್ಮ ಪಡೆದು ಅದೇ ವರ್ಷ ಮಾರ್ಕ್ 5ಕ್ಕೆ ಬಂತು, 1944ರಲ್ಲಿ ಮಸ್ಟಾಂಗ್‌ಗೆ ಬದಲಾಯಿತು. ಅದರ ವಿಮಾನಗಳ ಒಡಲ ಮೇಲಿದ್ದ ಸಂಕೇತಾಕ್ಷರಗಳು ‘ಡಿವಿ’. ನಿಮ್ಮ ಹಾಳೆಯಲ್ಲಿ ಅವು ಇಲ್ಲದಿದ್ದರೆ ಬಿಡಿ ಅಕ್ಷರಗಳ ಡೆಕಲ್ ಹಾಳೆಯೊಂದನ್ನು ತರಿಸಿಕೊಳ್ಳಿ.