ಮೊದಲ ಡಿಎಸ್ಎಲ್ಆರ್ ತಗೊಳ್ಳೋ ಮುಂಚೆ: ರಿಪೇರಿ ಟೇಬಲ್ ಮೇಲೆ ನಾನು ಕಂಡಿದ್ದು

ಕ್ಯಾಮೆರಾ ರಿಪೇರಿಗೆ ಬಂದ ತಕ್ಷಣ ನಾನು ಮೊದ್ಲು ನೋಡೋದು ಶಟರ್ ಕೌಂಟ್, ಅಂದ್ರೆ ಆ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಅನ್ನೋ ಲೆಕ್ಕ. ಹೊಸಬರಿಗೆ ಅಂತ ಬರೋ ಬಾಡಿಗಳ ಶಟರ್ ಸುಮಾರಾಗಿ 1 ಲಕ್ಷ ಕ್ಲಿಕ್ ತಡ್ಕೊಳ್ಳೋ ಹಾಗೆ ಮಾಡಿರ್ತಾರೆ, ಆದ್ರೆ ನನ್ನ ಟೇಬಲ್ ಮೇಲೆ ಬರೋ ಎಷ್ಟೋ ಕ್ಯಾಮೆರಾ ಮೂರು ನಾಲ್ಕು ವರ್ಷ ಹಳೇದಾದ್ರೂ 2 ಸಾವಿರ ಕೂಡ ದಾಟಿರಲ್ಲ. ಶಟರ್ ಏನೂ ಆಗಿರಲ್ಲ, ಬ್ಯಾಗಲ್ಲೇ ಮುಚ್ಚಿಟ್ಟು ಮುಚ್ಚಿಟ್ಟು ಲೆನ್ಸ್ ಒಳಗೆ ಫಂಗಸ್ ಕೂತಿರುತ್ತೆ, ಜೇಡರ ಬಲೆ ಥರ ಬೆಳ್ಳಗೆ ಎಳೆ ಎಳೆ. ಅಷ್ಟು ಆಸೆಪಟ್ಟು ತಗೊಂಡಿದ್ದು ಹೀಗೆ ಆಗಿದ್ದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಯಾರಾದ್ರೂ ಬಂದು "ಸರ್, ಮೊದಲನೇ ಡಿಎಸ್ಎಲ್ಆರ್ ಯಾವ್ದು ತಗೊಳ್ಳಲಿ?" ಅಂದ್ರೆ ನಾನು ಮೆಗಾಪಿಕ್ಸೆಲ್ ಮಾತೇ ಎತ್ತಲ್ಲ, ಇದನ್ನ ನೀವು ವಾರಕ್ಕೆ ಎಷ್ಟು ಸಲ ಬ್ಯಾಗಿಂದ ಆಚೆ ತೆಗೀತೀರಿ ಅಂತ ಕೇಳ್ತೀನಿ.

ಇದಕ್ಕೆ ಉತ್ತರ ಅರ್ಧ ನಿಮ್ಮ ಕೈಯಲ್ಲೇ ಇದೆ. ನಿಕಾನ್ ಡಿ3500 ಬ್ಯಾಟರಿ ಕಾರ್ಡು ಸೇರಿ 415 ಗ್ರಾಂ, ಅದೇ ಫುಲ್ ಫ್ರೇಮ್, ಅಂದ್ರೆ ಬೆಳಕು ಹಿಡಿಯೋ ಸೆನ್ಸರ್ ದೊಡ್ಡದಿರೋ ಡಿ850 ತಗೊಂಡ್ರೆ 1 ಕೆಜಿ, ಅದಕ್ಕೊಂದು 70-200 ಎಫ್ 2.8 ಲೆನ್ಸ್ ಹಾಕಿದ್ರೆ ಇನ್ನೂ ಒಂದೂವರೆ ಕೆಜಿ ಹತ್ರ ಸೇರುತ್ತೆ. ಮದುವೆ ಶೂಟ್ ಮಾಡೋರು ಹೊತ್ಕೋತಾರೆ, ಅದು ಅವರ ಕೆಲಸ, ಆದ್ರೆ ಸಂಜೆ ವಾಕಿಂಗ್ ಹೋಗೋವಾಗ ಅದನ್ನ ನೀವು ಕುತ್ತಿಗೆಗೆ ಹಾಕ್ಕೊಂಡು ಹೋಗ್ತೀರಾ? ಚಪ್ಪಲಿ ಕೊಳ್ಳೋವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡ್ತೀವಲ್ಲ, ಕ್ಯಾಮೆರಾನೂ ಹಾಗೇ ಹಿಡಿದು ನೋಡ್ಬೇಕು. ತೋರುಬೆರಳು ಆರಾಮಾಗಿ ಶಟರ್ ಬಟನ್ ಮೇಲೆ ಕೂರ್ಬೇಕು, ಹೆಬ್ಬೆರಳು ಅಲ್ಲಾಡದೇ ಹಿಂದಿನ ಡಯಲ್ ಮುಟ್ಟಬೇಕು, ದೊಡ್ಡ ಕೈ ಇರೋರಿಗೆ ಸಣ್ಣ ಬಾಡಿಯಲ್ಲಿ ಕಿರುಬೆರಳಿಗೆ ಹಿಡ್ಕೊಳ್ಳೋಕೆ ಜಾಗನೇ ಸಿಗಲ್ಲ, ಅರ್ಧ ಗಂಟೆಗೆ ಮಣಿಕಟ್ಟು ನೋಯೋಕೆ ಶುರುವಾಗುತ್ತೆ. ಕನ್ನಡಕ ಹಾಕೋರು ಕನ್ನಡಕ ಹಾಕ್ಕೊಂಡೇ ವ್ಯೂಫೈಂಡರ್ ನೋಡಿ, ನಾಲ್ಕೂ ಮೂಲೆ ಕಾಣಿಸ್ತಿದೆಯಾ ಅಂತ. ಐಪೀಸ್ ಪಕ್ಕ ಒಂದು ಪುಟ್ಟ ಚಕ್ರ ಇರುತ್ತೆ, ಡಯಾಪ್ಟರ್ ಅಂತಾರೆ, ಅದು ಬ್ಯಾಗಲ್ಲಿ ಉಜ್ಜಿ ತಿರುಗಿಬಿಟ್ರೆ ವ್ಯೂಫೈಂಡರ್ ಪೂರ್ತಿ ಮಸುಕು ಮಸುಕು. ಕ್ಯಾಮೆರಾ ಕೆಟ್ಟೋಯ್ತು ಅಂತ ಗಾಬರಿಯಿಂದ ಓಡಿ ಬಂದವರಿಗೆ ಆ ಚಕ್ರ ತಿರುಗಿಸಿ ವಾಪಸ್ ಕಳಿಸಿದ್ದು ಲೆಕ್ಕ ಇಲ್ಲ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸ್ಕೊಬೇಡಿ. 24 ಮೆಗಾಪಿಕ್ಸೆಲ್ ಅಂದ್ರೆ 6000 ಗುಣಿಸು 4000, ಹನ್ನೆರಡು ಹದಿನೆಂಟು ಇಂಚಿನ ಪ್ರಿಂಟನ್ನ ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ತೆಗೆಸೋಕೆ ಬೇಕಾಗೋದು 5400 ಗುಣಿಸು 3600. ಅಲ್ಲಿಗೆ ಮುಗೀತು. 2003ರಲ್ಲಿ ಕ್ಯಾನನ್ 300ಡಿ ಬಂದಾಗ ಅದ್ರಲ್ಲಿ ಇದ್ದಿದ್ದೇ 6.3, ಅದ್ರಲ್ಲೇ ಜನ ಎಂಥೆಂಥಾ ಫೋಟೋ ತೆಗೆದ್ರು.

ದುಡ್ಡು ಹೋಗ್ಬೇಕಾಗಿರೋದು ಲೆನ್ಸಿಗೆ. ಒಂದು ಕಾಲೇಜ್ ಹುಡುಗಿ ಬಂದಿದ್ಲು, ಸರ್ ಆಟೋಫೋಕಸ್ ಹಾಳಾಗಿದೆ, ತಂಗಿ ಸ್ಟೇಜ್ ಮೇಲೆ ಡ್ಯಾನ್ಸ್ ಮಾಡಿದ್ದು ಒಂದು ಫೋಟೋನೂ ಸರಿ ಬಂದಿಲ್ಲ ಅಂತ ಕಣ್ಣಲ್ಲಿ ನೀರು ತುಂಬ್ಕೊಂಡು. ಫೋಟೋ ದೊಡ್ಡದು ಮಾಡಿ ನೋಡಿದ್ರೆ ಹಿಂದಿನ ಪರದೆಯ ಮಡಿಕೆ ಮಡಿಕೆಯೂ ಚೊಕ್ಕವಾಗಿದೆ, ಕುಣೀತಿರೋ ಮಗುವಿನ ಕೈ ಕಾಲು ಮಾತ್ರ ಎಳೆದ ಹಾಗಿದೆ. ಶಟರ್ ಸ್ಪೀಡ್, ಅಂದ್ರೆ ಶಟರ್ ತೆರೆದಿರೋ ಹೊತ್ತು, ಸೆಕೆಂಡಿನ 15ರಲ್ಲಿ ಒಂದು ಭಾಗ, ಅಪರ್ಚರ್, ಅಂದ್ರೆ ಲೆನ್ಸ್ ಒಳಗಿನ ಬೆಳಕಿನ ಕಿಂಡಿ, ಎಫ್ 5.6 (ಈ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು). ಕ್ಯಾಮೆರಾ ಏನೂ ತಪ್ಪು ಮಾಡಿಲ್ಲ, ಬಾಕ್ಸ್ ಜೊತೆ ಬರೋ 18-55 ಕಿಟ್ ಲೆನ್ಸ್ 55ಕ್ಕೆ ಝೂಮ್ ಮಾಡಿದ್ರೆ ಅದಕ್ಕಿಂತ ಜಾಸ್ತಿ ತೆರೆಯೋದೇ ಇಲ್ಲ. ಲೆನ್ಸಲ್ಲಿ ಸ್ಟೆಬಿಲೈಸೇಶನ್ ಇತ್ತಲ್ಲ ಸರ್ ಅಂದ್ಲು. ಅದು ಇರೋದು ನಮ್ಮ ಕೈ ನಡುಗೋದಕ್ಕೆ ಕಣಮ್ಮ, ಎದುರಿಗಿರೋರು ಕುಣಿಯೋದನ್ನ ಅದು ನಿಲ್ಲಿಸಲ್ಲ ಅಂದೆ. ಶೆಲ್ಫಲ್ಲಿದ್ದ 50 ಎಂಎಂ ಎಫ್ 1.8 ಹಾಕಿ ಕೊಟ್ಟೆ. 1.8 ಮತ್ತೆ 5.6 ಮಧ್ಯೆ ಬೆಳಕು ಹೆಚ್ಚುಕಮ್ಮಿ ಹತ್ತು ಪಟ್ಟು ವ್ಯತ್ಯಾಸ, ಅಂದ್ರೆ ಅದೇ ಸ್ಟೇಜ್ ಲೈಟಲ್ಲಿ, ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಮುಟ್ಟದೇನೇ, 15ರಲ್ಲಿ ಒಂದು ಭಾಗ ಇದ್ದಿದ್ದು 125ರಲ್ಲಿ ಒಂದು ಭಾಗಕ್ಕೆ ಬರುತ್ತೆ. ಟೇಬಲ್ ಫ್ಯಾನ್ ನಿಧಾನಕ್ಕೆ ತಿರುಗಿಸಿ ಎರಡೂ ಲೆನ್ಸಲ್ಲಿ ತೆಗೆದು ತೋರಿಸ್ದೆ, ಮೊದಲನೇದ್ರಲ್ಲಿ ರೆಕ್ಕೆ ಬರೀ ಮಂಜು, ಎರಡನೇದ್ರಲ್ಲಿ ಮೂರೂ ರೆಕ್ಕೆ ಬೇರೆ ಬೇರೆ ಕಾಣಿಸ್ತು. ಆ ಹುಡುಗಿ ಹೊಸ ಬಾಡಿ ತಗೊಂಡಿದ್ರೂ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೇ ಆಗ್ತಿತ್ತು.

ಹಾಗಾಗಿ ಬಜೆಟಲ್ಲಿ ಒಂದು ಮೆಟ್ಟಿಲು ಕಮ್ಮಿ ಬಾಡಿ, ಮಿಕ್ಕಿದ್ದಕ್ಕೆ ಒಂದು ಎಫ್ 1.8 ಪ್ರೈಮ್, ಅಂದ್ರೆ ಝೂಮ್ ಆಗದ ಲೆನ್ಸ್. ಆದ್ರೆ ಎಲ್ರೂ ಹೇಳ್ತಾರೆ ಅಂತ ಕಣ್ಣು ಮುಚ್ಕೊಂಡು 50ನೇ ತಗೋಬೇಡಿ. ಹೊಸಬರ ಬಾಡಿಗಳಲ್ಲಿ ಇರೋದು ಎಪಿಎಸ್-ಸಿ ಸೆನ್ಸರ್, 36 ಗುಣಿಸು 24 ಎಂಎಂ ಇರೋ ಫುಲ್ ಫ್ರೇಮಿಗಿಂತ ಚಿಕ್ಕದು, ನಿಕಾನಲ್ಲಿ ಒಂದೂವರೆ ಪಟ್ಟು ಕ್ಯಾನನಲ್ಲಿ 1.6 ಪಟ್ಟು ಹತ್ರ ಎಳೆದ ಹಾಗೆ ಕಾಣುತ್ತೆ, ಅಂದ್ರೆ 50 ಎಂಎಂ ಲೆನ್ಸ್ 75-80 ಥರ ಕೆಲಸ ಮಾಡುತ್ತೆ. ಮುಖದ ಫೋಟೋಗೆ ಬಹಳ ಚೆನ್ನಾಗಿರುತ್ತೆ, ರೂಮ್ ಒಳಗೆ ನಾಲ್ಕು ಜನರನ್ನ ಫ್ರೇಮಲ್ಲಿ ಹಿಡಿಸೋಕೆ ಹೋದ್ರೆ ಬೆನ್ನು ಗೋಡೆಗೆ ತಾಗುತ್ತೆ. ಮನೆ ಮಕ್ಕಳ ಫೋಟೋನೇ ಜಾಸ್ತಿ ಅಂದ್ರೆ 35 ಎಂಎಂ ನೋಡಿ.

ನಿಕಾನ್ ತಗೊಳ್ಳೋರು ಒಂದು ವಿಷಯ ಮರೀಬಾರ್ದು. ಡಿ3000 ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇರಲ್ಲ. ಡಿ7000 ಸಾಲಿನ ಬಾಡಿಯ ಲೆನ್ಸ್ ತೆಗೆದು ಮೌಂಟಿನ, ಅಂದ್ರೆ ಲೆನ್ಸ್ ಕೂರೋ ಜಾಗದ, ಲೋಹದ ರಿಂಗ್ ನೋಡಿದ್ರೆ ಸ್ಕ್ರೂಡ್ರೈವರ್ ಮೂತಿ ಥರ ಒಂದು ಸಣ್ಣ ತುದಿ ಆಚೆ ಬಂದಿರುತ್ತೆ, ಲೆನ್ಸ್ ತಿರುಗಿಸೋದು ಅದೇ. ಅದಿಲ್ಲದ ಬಾಡಿಗೆ ಒಳಗೆ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ಹಾಕಿದ್ರೆ ಕೈಯಲ್ಲೇ ಫೋಕಸ್ ಮಾಡ್ಬೇಕು. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಕ್ತು ಅಂತ ತಗೊಂಡು ಬಂದು ಮೋಸ ಹೋದೆ ಅನ್ನೋರು ಬರ್ತಾನೇ ಇರ್ತಾರೆ, ಲೆನ್ಸ್ ಚೆನ್ನಾಗೇ ಇರುತ್ತೆ, ಜೋಡಿ ತಪ್ಪು ಅಷ್ಟೇ. ಎಎಫ್-ಎಸ್ ಅಂತ ಇದ್ರೆ ಮೋಟಾರ್ ಲೆನ್ಸಲ್ಲೇ ಇದೆ ಅಂತ ಅರ್ಥ. ಕ್ಯಾನನಲ್ಲಿ ಈ ತೊಂದ್ರೆ ಇಲ್ಲ, 1987ರಲ್ಲಿ ಇಎಫ್ ಮೌಂಟ್ ಶುರುವಾದಾಗಿಂದ ಫೋಕಸ್ ಮೋಟಾರ್ ಲೆನ್ಸ್ ಒಳಗೇ. ಅಲ್ಲಿ ನೋಡ್ಬೇಕಾಗಿರೋದು ಎಪಿಎಸ್-ಸಿ ಬಾಡಿಗೆ ಅಂತಲೇ ಮಾಡಿರೋ ಇಎಫ್-ಎಸ್ ಲೆನ್ಸ್ ಫುಲ್ ಫ್ರೇಮ್ ಬಾಡಿಗೆ ಕೂರಲ್ಲ ಅನ್ನೋದನ್ನ ಮಾತ್ರ.

ಈಗ ಮಿರರ್‌ಲೆಸ್, ಅಂದ್ರೆ ಒಳಗೆ ಕನ್ನಡಿನೇ ಇಲ್ಲದ ಕ್ಯಾಮೆರಾಗಳ ಕಾಲ ಅಲ್ವಾ, ಡಿಎಸ್ಎಲ್ಆರ್ ಯಾಕೆ ಅಂತ ಕೇಳ್ತಾರೆ, ಸರಿಯಾದ ಪ್ರಶ್ನೆನೇ. ಕ್ಯಾನನ್ ನಿಕಾನ್ ಎರಡೂ 2020ರ ನಂತರ ದೊಡ್ಡ ಡಿಎಸ್ಎಲ್ಆರ್ ಯಾವ್ದೂ ತಂದಿಲ್ಲ. ವಿಡಿಯೋನೇ ನಿಮ್ಮ ಮುಖ್ಯ ಕೆಲಸ ಅಂದ್ರೆ ಮಿರರ್‌ಲೆಸ್ಸೇ ತಗೊಳ್ಳಿ, ನಾನು ತಡೆಯಲ್ಲ. ಆದ್ರೆ ಫೋಟೋ ಕಲೀಬೇಕು, ದುಡ್ಡು ಅಷ್ಟಕ್ಕಷ್ಟೇ ಅನ್ನೋರಿಗೆ ಎಲ್ರೂ ಮಾರ್ತಿರೋ ಈ ಹೊತ್ತಿಗಿಂತ ಒಳ್ಳೆ ಹೊತ್ತಿಲ್ಲ. ಗಾಜಿನ ಮೂಲಕ ನೇರ ಕಾಣೋ ವ್ಯೂಫೈಂಡರ್ ಬ್ಯಾಟರಿನೇ ತಿನ್ನಲ್ಲ, ಡಿ3500ಗೆ ಒಂದು ಚಾರ್ಜಿಗೆ 1550 ಫೋಟೋ ಅಂತ ಲೆಕ್ಕ ಕೊಟ್ಟಿದ್ದಾರೆ. ನಾಳೆ ಮಿರರ್‌ಲೆಸ್ಸಿಗೆ ಹೋದ್ರೂ ಅಡಾಪ್ಟರ್ ಹಾಕಿ ಇಎಫ್ ಲೆನ್ಸು, ಎಎಫ್-ಎಸ್ ಲೆನ್ಸು ಎರಡನ್ನೂ ಆಟೋಫೋಕಸ್ ಸಮೇತ ಬಳಸಬಹುದು.

ಹಳೇದು ತಗೊಳ್ಳೋವಾಗ ನಿಮ್ಮದೇ ಮೆಮೊರಿ ಕಾರ್ಡ್ ಮತ್ತೆ ಒಂದು ಸಣ್ಣ ಟಾರ್ಚ್ ಜೇಬಲ್ಲಿ ಇಟ್ಕೊಂಡು ಹೋಗಿ. ಲೆನ್ಸನ್ನ ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ, ಧೂಳಿನ ಕಣ ನಾಲ್ಕಿದ್ರೆ ಪರವಾಗಿಲ್ಲ, ಬೇರು ಬಿಟ್ಟ ಹಾಗೆ ಎಳೆ ಕಂಡ್ರೆ ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಅಪರ್ಚರ್ 16 ಅಥವಾ 22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆ ಫೋಟೋ ತೆಗೀರಿ, ಸೆನ್ಸರ್ ಮೇಲಿನ ಕಲೆ ಎಲ್ಲಾ ಕಪ್ಪು ಚುಕ್ಕಿಯಾಗಿ ಕಾಣುತ್ತೆ. ಕ್ಲೀನ್ ಮಾಡಿದ್ರೆ ಹೋಗೋದು ಬಹುತೇಕ, ಹೋಗದೇ ಇದ್ರೆ ಗೀರು. ವ್ಯೂಫೈಂಡರಲ್ಲಿ ಕಾಣೋ ಧೂಳಿಗೆ ಹೆದರಬೇಡಿ, ಅದು ಫೋಕಸಿಂಗ್ ಸ್ಕ್ರೀನ್ ಮೇಲೋ ಮಿರರ್ ಮೇಲೋ ಇರೋದು, ಫೋಟೋ ತೆಗೆಯೋವಾಗ ಮಿರರ್ ಮೇಲಕ್ಕೆ ಹೋಗಿಬಿಡುತ್ತೆ, ಫೋಟೋಗೆ ಬರಲ್ಲ. ಅದನ್ನ ಒರೆಸೋಕೆ ಮಾತ್ರ ದಮ್ಮಯ್ಯ ಹೋಗಬೇಡಿ, ಆ ಕನ್ನಡಿಗೆ ಹೊಳೆಯೋ ಲೇಪ ಇರೋದು ಗಾಜಿನ ಮುಂದೆ, ಬಟ್ಟೆ ತಾಗಿದ್ರೇ ಗೀರು ಬೀಳುತ್ತೆ. ಶಟರ್ ಕೌಂಟ್ ನಿಕಾನಲ್ಲಿ ಸಾಮಾನ್ಯವಾಗಿ ಫೋಟೋ ಫೈಲ್ ಒಳಗೇ ಬರೆದಿರುತ್ತೆ, ಕ್ಯಾನನಲ್ಲಿ ಹೆಚ್ಚಿನ ಮಾಡೆಲ್ಲಿಗೆ ಬೇರೆ ಸಾಫ್ಟ್‌ವೇರ್ ಬೇಕು. 30 ಸಾವಿರ ಇದ್ರೂ ಹಿಂಜರೀಬೇಡಿ, 800 ಮಾತ್ರ ಆಗಿದೆ ಅಂದ್ರೆ ಲೆನ್ಸ್ ಮೇಲೆ ಇನ್ನೊಂದು ಸಲ ಟಾರ್ಚ್ ಬಿಡಿ.

ಮನೆಗೆ ತಂದ ಮೇಲೆ ಬ್ಯಾಗಲ್ಲಿ ಇಡಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಸಾಧ್ಯ ಆದ್ರೆ ಒಂದು ತೇವಾಂಶ ಮೀಟರ್, 40ರಿಂದ 50 ಪರ್ಸೆಂಟ್ ಮಧ್ಯೆ ಇದ್ರೆ ಸಾಕು. ನೀಲಿ ಜೆಲ್ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ನೀರು ಕುಡಿದು ಮುಗಿಸಿದೆ ಅಂತ, ಬಿಸಿ ಮಾಡಿ ಒಣಗಿಸಿದ್ರೆ ಮತ್ತೆ ನೀಲಿ ಆಗುತ್ತೆ. ಆ ಡಬ್ಬನ ಕಪಾಟಿನ ಮೇಲಿನ ಖಾನೆಗೆ ಏರಿಸ್ಬೇಡಿ, ಬಾಗಿಲ ಪಕ್ಕ ಕೈಗೆ ಸಿಗೋ ಕಡೆ ಇಡಿ.